ಐದನೆಯವರಿಗೂ ಒಂದು ಹಾಸಿಗೆ ಇರಲಿ

ಮಾನ್ಯ ಸಂಪಾದಕರೇ,

ರಜೆಯ ದಿನಗಳು ಹತ್ತಿರವಾದಂತೆ ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ ಥೀಮ್ ಪಾರ್ಕುಗಳ ಬಗ್ಗೆ ಲೇಖನಗಳು ಬರತೊಡಗುತ್ತವೆ. ಅವುಗಳಲ್ಲಿ ಹೆಚ್ಚಿನವು ಕೊನೆಯಲ್ಲಿ ಒಂದು ಖರ್ಚಿನ ಪಟ್ಟಿಯನ್ನು ಕೊಡುತ್ತವೆ. ಆ ಪಟ್ಟಿಯ ಮೇಲ್ಗಡೆ 'ನಾಲ್ವರ ಕುಟುಂಬಕ್ಕೆ' ಎಂದು ಬರೆದಿರುತ್ತದೆ. ಈ ನಾಲ್ವರು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ: ಅಪ್ಪ, ಅಮ್ಮ, ಇಬ್ಬರು ಮಕ್ಕಳು. ಮೂರನೆಯ ಮಗುವಿರುವವರು, ವಯಸ್ಸಾದ ತಾಯಿಯನ್ನು ಬಿಟ್ಟುಹೋಗಲಾರದವರು, ಅಣ್ಣನ ಮಕ್ಕಳನ್ನೂ ತಮ್ಮ ಮಕ್ಕಳಂತೆಯೇ ಸಾಕುತ್ತಿರುವವರು ಆ ಪಟ್ಟಿಯನ್ನು ಓದಿ ಪಕ್ಕಕ್ಕಿಟ್ಟು ತಮ್ಮ ಲೆಕ್ಕವನ್ನು ತಾವೇ ಹಾಕಿಕೊಳ್ಳಬೇಕು. ನಮ್ಮ ಮನೆಯಲ್ಲಿ ನಾವಿಬ್ಬರು, ಮೂವರು ಮಕ್ಕಳು, ಅತ್ತೆ ಮತ್ತು ಮಾವ ಸೇರಿ ಏಳು ಜನ. ಆ ಲೆಕ್ಕವನ್ನು ಹಾಕಿ, ತಪ್ಪಿ, ಮತ್ತೆ ಹಾಕಿದ ಅನುಭವದಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ. ತುಸು ದೀರ್ಘವಾದರೂ ಪ್ರಕಟಿಸಬೇಕೆಂದು ಕೋರುತ್ತೇನೆ.

ದೊಡ್ಡ ಕುಟುಂಬಕ್ಕೆ ಹೆಚ್ಚು ಖರ್ಚಾಗುವುದು ಸಹಜವೇ. ಅದರ ಬಗ್ಗೆ ನನ್ನ ತಕರಾರಿಲ್ಲ. ಏಳು ಜನ ಉಂಡರೆ ಏಳು ಊಟದ ಬೆಲೆ, ಏಳು ಜನ ಒಳಗೆ ಹೋದರೆ ಏಳು ಟಿಕೆಟ್. ಆದರೆ ಹೋಟೆಲ್ ಕೊಠಡಿಯ ವಿಷಯದಲ್ಲಿ ಖರ್ಚು ತಲೆಗೊಂದರಂತೆ ಏರುವುದಿಲ್ಲ, ಜಿಗಿಯುತ್ತದೆ. ನಾಲ್ವರು ಮಲಗುವ ಕೊಠಡಿಯ ಒಂದು ರಾತ್ರಿಯ ಬಾಡಿಗೆ ನೂರು ಎಂದಿಟ್ಟುಕೊಳ್ಳೋಣ. ನಾಲ್ವರಿದ್ದರೆ ತಲಾ ಇಪ್ಪತ್ತೈದು ಬೀಳುತ್ತದೆ. ಐದನೆಯವರು ಸೇರಿದೊಡನೆ ಎರಡನೆಯ ಕೊಠಡಿ ಬೇಕು. ಬಾಡಿಗೆ ಇನ್ನೂರಾಗುತ್ತದೆ, ತಲಾ ನಲವತ್ತು. ಆರು ಜನರಾದರೆ ಅದು ಮೂವತ್ತಮೂರಕ್ಕಿಳಿಯುತ್ತದೆ, ಎಂಟು ಜನರಾದಾಗ ಮತ್ತೆ ಇಪ್ಪತ್ತೈದಕ್ಕೇ ಬಂದು ನಿಲ್ಲುತ್ತದೆ. ಅಂದರೆ ಈ ವ್ಯವಸ್ಥೆಯಲ್ಲಿ ಎಲ್ಲರಿಗಿಂತ ದುಬಾರಿಯಾದವರು ಐದನೆಯವರು. ಆ ಐದನೆಯವರು ಬಹಳ ಸಲ ಮನೆಯ ಅತ್ಯಂತ ಚಿಕ್ಕ ಮಗುವೋ ಅತ್ಯಂತ ಹಿರಿಯ ಜೀವವೋ ಆಗಿರುತ್ತಾರೆ.

ಇದು ಹೊಸ ದೂರೇನೂ ಅಲ್ಲ. 1951ರಲ್ಲಿ ಅಮೆರಿಕದ ಮೆಂಫಿಸ್ ನಗರದ ಕೆಮನ್ಸ್ ವಿಲ್ಸನ್ ಎಂಬ ಮನೆ ಕಟ್ಟಿಸುವ ಉದ್ಯಮಿ ತನ್ನ ಹೆಂಡತಿ ಮತ್ತು ಐವರು ಮಕ್ಕಳೊಂದಿಗೆ ವಾಷಿಂಗ್ಟನ್ನಿಗೆ ಕಾರಿನಲ್ಲಿ ಹೊರಟಿದ್ದರು. ದಾರಿಯ ಮೋಟೆಲುಗಳಲ್ಲಿ ಕೊಠಡಿಯ ಬಾಡಿಗೆಯ ಜೊತೆಗೆ ಪ್ರತಿ ಮಗುವಿಗೂ 2 ಡಾಲರ್ ಬೇರೆ ಕೇಳಿದರು. ಕೊಠಡಿ ಅದೇ, ಹಾಸಿಗೆ ಅವೇ, ಆದರೆ ಬಾಡಿಗೆ 10 ಡಾಲರ್ ಹೆಚ್ಚು. ಸಿಟ್ಟಿಗೆದ್ದ ವಿಲ್ಸನ್ ಊರಿಗೆ ಮರಳಿ, ಮರುವರ್ಷವೇ, 1952ರ ಆಗಸ್ಟಿನಲ್ಲಿ, ಮೆಂಫಿಸಿನಲ್ಲಿ ಮೊದಲ 'ಹಾಲಿಡೇ ಇನ್' ಹೋಟೆಲನ್ನು ತೆರೆದರು. ಹೆತ್ತವರ ಕೊಠಡಿಯಲ್ಲೇ ಉಳಿಯುವ ಮಕ್ಕಳಿಗೆ ಅಲ್ಲಿ ಹೆಚ್ಚುವರಿ ಹಣವಿರಲಿಲ್ಲ. ಮುಂದೆ ಬೇರೆ ಹೋಟೆಲುಗಳೂ ಈ ಪದ್ಧತಿಯನ್ನು ಅನುಸರಿಸಿದವು. ವಿಲ್ಸನ್ನರ ಕುಟುಂಬವೂ ನಮ್ಮಂತೆಯೇ ಏಳು ಜನರದು ಎಂಬುದನ್ನು ಓದಿದಾಗ ನನಗೆ ನಗು ಬಂತು. ಇಂದಿನ ಥೀಮ್ ಪಾರ್ಕ್ ಹೋಟೆಲುಗಳು 'ಮಕ್ಕಳಿಗೆ ಉಚಿತ' ಎಂಬ ಅವರ ಮಾತನ್ನು ಇಟ್ಟುಕೊಂಡಿವೆ, ಆದರೆ ಅವರ ಏಳು ಜನರನ್ನು ಒಂದೇ ಕೊಠಡಿಗೆ ಸೇರಿಸಿಕೊಳ್ಳುವ ಹೋಟೆಲು ಸಿಗುವುದು ಕಷ್ಟ. ಮಗುವಿಗೆ ಹಣವಿಲ್ಲ, ಆದರೆ ಮಗುವಿಗೆ ಜಾಗವೂ ಇಲ್ಲ.

ಉದಾಹರಣೆಗೆ, ಥೀಮ್ ಪಾರ್ಕುಗಳ ರಾಜಧಾನಿಯೆಂದು ಹೆಸರಾದ ಫ್ಲಾರಿಡಾದ ಒರ್ಲಾಂಡೊ ಸುತ್ತಲಿನ ಪ್ರದೇಶವನ್ನೇ ನೋಡೋಣ. 1971ರಲ್ಲಿ ತೆರೆದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಕಡಿಮೆ ದರದ ವರ್ಗದ ಸಾಮಾನ್ಯ ಕೊಠಡಿಗಳು ಸುಮಾರು 260 ಚದರಡಿಯವು. ಅವುಗಳಲ್ಲಿ ನಾಲ್ವರಿಗೆ ಮಾತ್ರ ಅವಕಾಶ. ಆ ನಾಲ್ವರ ಜೊತೆಗೆ ಮೂರು ವರ್ಷ ತುಂಬದ ಒಂದು ಮಗುವನ್ನು ತೊಟ್ಟಿಲಿನಲ್ಲಿ ಮಲಗಿಸಲು ಒಪ್ಪುತ್ತಾರೆ. ಮಧ್ಯಮ ದರದ ಹೋಟೆಲುಗಳಲ್ಲಿ ಒಂದಾದ 'ಪೋರ್ಟ್ ಆರ್ಲಿಯನ್ಸ್ ರಿವರ್‌ಸೈಡ್'ನ ಕೆಲವು ಕೊಠಡಿಗಳಲ್ಲಿ ಐದನೆಯವರಿಗೆಂದು ಗೋಡೆಯಿಂದ ಕೆಳಗಿಳಿಸುವ ಪುಟ್ಟ ಹಾಸಿಗೆಯಿದೆ. ಅದು ಎತ್ತರದ ಹುಡುಗನಿಗೆ ಸಾಲದು, ಚಿಕ್ಕ ಮಗುವಿಗೆ ಮಾತ್ರ ಸರಿ. ಆರು ಜನರಿಗೆಂದೇ ಕಟ್ಟಿದ ಫ್ಯಾಮಿಲಿ ಸೂಟುಗಳು, ಅಂದರೆ ಒಂದೇ ಬಾಗಿಲಿನ ಹಿಂದೆ ಒಂದಕ್ಕಿಂತ ಹೆಚ್ಚು ಕೋಣೆಗಳಿರುವ ಬಿಡಾರಗಳು, ಬೇಕೆಂದರೆ 2012ರಲ್ಲಿ ತೆರೆದ 'ಆರ್ಟ್ ಆಫ್ ಆನಿಮೇಷನ್' ಹೋಟೆಲಿನಲ್ಲಿ 1,120 ಇವೆ. ಸುಮಾರು 565 ಚದರಡಿ, ಎರಡು ಸ್ನಾನಗೃಹ, ಒಂದು ಅಡುಗೆ ಮೂಲೆ. 'ಆಲ್-ಸ್ಟಾರ್ ಮ್ಯೂಸಿಕ್'ನಲ್ಲೂ ಇಂಥ ಸೂಟುಗಳಿವೆ. ಒರ್ಲಾಂಡೊದಲ್ಲೇ ಥೀಮ್ ಪಾರ್ಕುಗಳನ್ನು ನಡೆಸುವ ಯೂನಿವರ್ಸಲ್ ಸಂಸ್ಥೆ 2014ರಲ್ಲಿ ತೆರೆದ 'ಕಬಾನಾ ಬೇ'ಯಲ್ಲಿ ಮೊದಲಿದ್ದ 1,800 ಕೊಠಡಿಗಳಲ್ಲಿ ಅರ್ಧದಷ್ಟನ್ನು ಆರು ಜನರ ಸೂಟುಗಳಾಗಿಯೇ ಕಟ್ಟಿತು. 2019 ಮತ್ತು 2020ರಲ್ಲಿ ಬಂದ ಅದೇ ಸಂಸ್ಥೆಯ 'ಎಂಡ್‌ಲೆಸ್ ಸಮ್ಮರ್' ಹೋಟೆಲುಗಳಲ್ಲೂ ಎರಡು ಮಲಗುವ ಕೋಣೆಗಳ ಸೂಟುಗಳು ಬಹಳ ಇವೆ. ಇದನ್ನು ನೋಡಿದಾಗ, ದೊಡ್ಡ ಕುಟುಂಬಕ್ಕೆ ಕೊಠಡಿ ಕಟ್ಟಿದರೆ ವ್ಯಾಪಾರ ನಡೆಯದು ಎಂಬ ಮಾತು ನಿಲ್ಲುವುದಿಲ್ಲ ಎಂದು ನನಗನ್ನಿಸುತ್ತದೆ. ಕಟ್ಟಿದವರಿದ್ದಾರೆ, ಕಟ್ಟಿದ ಮೇಲೆ ಮತ್ತಷ್ಟು ಕಟ್ಟಿದ್ದಾರೆ.

ಆದರೆ 'ಫ್ಯಾಮಿಲಿ ಸೂಟ್' ಎಂಬ ಹೆಸರಿಗೆ ಮರುಳಾಗಬಾರದು ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಸೂಟಿನ ಬಾಡಿಗೆಯನ್ನು ಒಂದು ಸಾಮಾನ್ಯ ಕೊಠಡಿಯ ಬಾಡಿಗೆಯೊಂದಿಗಲ್ಲ, ಎರಡು ಸಾಮಾನ್ಯ ಕೊಠಡಿಗಳ ಬಾಡಿಗೆಯೊಂದಿಗೆ ಹೋಲಿಸಬೇಕು. ಹಾಗೆ ಹೋಲಿಸಿದಾಗ, ಕಡಿಮೆ ದರದ ವರ್ಗದಲ್ಲಿ ಎರಡು ಕೊಠಡಿಗಳು ಸೇರಿ ಒಂದು ಸೂಟಿಗಿಂತ ಅಗ್ಗವಾಗುವ ದಿನಗಳು ಎಷ್ಟೋ ಇರುತ್ತವೆ. ಎರಡು ಕೊಠಡಿಯೆಂದರೆ ಎಂಟು ಜನರಿಗೆ ಜಾಗ, ಎರಡು ಸ್ನಾನಗೃಹ, ಯಾರೂ ಸೋಫಾವನ್ನು ಎಳೆದು ಹಾಸಿಗೆ ಮಾಡಿಕೊಳ್ಳಬೇಕಾಗಿಲ್ಲ. ಬೆಳಿಗ್ಗೆ ಪಾರ್ಕಿನ ಬಾಗಿಲು ತೆರೆಯುವ ಹೊತ್ತಿಗೆ ಆರೇಳು ಜನರನ್ನು ಒಂದೇ ಸ್ನಾನಗೃಹದಿಂದ ಹೊರಡಿಸಿದವರಿಗೆ ಆ ಎರಡನೆಯ ಸ್ನಾನಗೃಹದ ಬೆಲೆ ಗೊತ್ತು. ಸೂಟಿನ ನಿಜವಾದ ಲಾಭವಿರುವುದು ಬಾಡಿಗೆಯಲ್ಲಲ್ಲ, ಎಲ್ಲರೂ ಒಂದೇ ಬಾಗಿಲಿನ ಹಿಂದೆ ಇರುವುದರಲ್ಲಿ.

ಆ ಒಂದು ಬಾಗಿಲಿನ ಮಹತ್ವ ನಮಗೆ ತಿಳಿದದ್ದು ಹೀಗೆ. ಕೆಲವು ವರ್ಷಗಳ ಹಿಂದೆ ಒಂದು ಥೀಮ್ ಪಾರ್ಕಿಗೆ ಅಂಟಿಕೊಂಡಿರುವ ಹೋಟೆಲೊಂದರಲ್ಲಿ ಎರಡು ಕೊಠಡಿಗಳನ್ನು ಕಾದಿರಿಸಿದ್ದೆವು. ಅರ್ಜಿಯ 'ವಿಶೇಷ ಕೋರಿಕೆ' ಎಂಬ ಖಾನೆಯಲ್ಲಿ ಪಕ್ಕಪಕ್ಕದ ಕೊಠಡಿಗಳೇ ಬೇಕು, ನಾಲ್ಕು ವರ್ಷದ ಮಗುವಿದೆ, ಮಂಡಿನೋವಿನ ಹಿರಿಯರಿದ್ದಾರೆ ಎಂದು ಬರೆದಿದ್ದೆ. ರಾತ್ರಿ ಹೋಗಿ ತಲುಪಿದಾಗ ಒಂದು ಕೊಠಡಿ ಮೂರನೆಯ ಮಹಡಿಯಲ್ಲಿ, ಇನ್ನೊಂದು ಆರನೆಯ ಮಹಡಿಯಲ್ಲಿ ಸಿಕ್ಕಿತು. ಕೇಳಿದರೆ, ಕೋರಿಕೆಯೆಂದರೆ ಕೋರಿಕೆ ಮಾತ್ರ, ಖಾತರಿಯಲ್ಲ ಎಂದು ಸಣ್ಣ ಅಕ್ಷರದ ಸಾಲನ್ನು ತೋರಿಸಿದರು. ಗಂಡಸರೂ ಹಿರಿಯ ಹುಡುಗರಿಬ್ಬರೂ ಮೇಲೆ, ನಾನು, ಅತ್ತೆ, ಚಿಕ್ಕವಳು ಕೆಳಗೆ. ಮಾವನವರ ಮಾತ್ರೆಗಳ ಡಬ್ಬಿ ಅತ್ತೆಯವರ ಚೀಲದಲ್ಲಿ, ಚಿಕ್ಕವಳ ಬೊಂಬೆ ಅಣ್ಣಂದಿರ ಚೀಲದಲ್ಲಿ. ನಾಲ್ಕು ರಾತ್ರಿ ಲಿಫ್ಟಿನಲ್ಲೇ ಓಡಾಡಿದೆವು. ಎರಡು ಕೊಠಡಿಯ ಹಣ ಕೊಟ್ಟು ಒಂದು ಪ್ರವಾಸವನ್ನು ಎರಡಾಗಿ ಒಡೆದುಕೊಂಡ ಹಾಗಾಯಿತು.

ಹೋಟೆಲಿನವರ ಭಾಷೆಯಲ್ಲಿ ಪಕ್ಕಪಕ್ಕದ ಕೊಠಡಿ ಬೇರೆ, ಒಳಬಾಗಿಲಿರುವ 'ಕನೆಕ್ಟಿಂಗ್' ಕೊಠಡಿ ಬೇರೆ ಎಂಬುದು ಆಮೇಲೆ ತಿಳಿಯಿತು. ಮೊದಲನೆಯದರಲ್ಲಿ ನಡುವೆ ಗೋಡೆ ಮಾತ್ರ. ಒಂದರಿಂದ ಇನ್ನೊಂದಕ್ಕೆ ಹೋಗಲು ಹೊರಗಿನ ಓಣಿಗೆ ಬರಬೇಕು. ಎರಡನೆಯದರಲ್ಲಿ ಗೋಡೆಯಲ್ಲೇ ಬಾಗಿಲಿರುತ್ತದೆ, ರಾತ್ರಿ ತೆರೆದಿಟ್ಟರೆ ಎರಡು ಕೊಠಡಿ ಸೇರಿ ಮನೆಯಂತಾಗುತ್ತದೆ. ಐದರಿಂದ ಎಂಟು ಜನರ ಕುಟುಂಬಕ್ಕೆ ಹೋಟೆಲಿನೊಳಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಅನುಕೂಲದ ಏರ್ಪಾಡು ಬೇರೊಂದಿಲ್ಲ, ಏಕೆಂದರೆ ಇದಕ್ಕಾಗಿ ಹೊಸದಾಗಿ ಏನನ್ನೂ ಕಟ್ಟಬೇಕಾಗಿಲ್ಲ. ಇಂಥ ಬಾಗಿಲುಗಳು ಬಹಳಷ್ಟು ಹೋಟೆಲುಗಳಲ್ಲಿ ಈಗಾಗಲೇ ಇವೆ. ಕೊರತೆಯಿರುವುದು ಖಾತರಿಯದು. ಬಹುಪಾಲು ಹೋಟೆಲುಗಳು ಬುಕಿಂಗ್ ಸಮಯದಲ್ಲಿ ಕೊಠಡಿಯ ವರ್ಗವನ್ನು ಮಾತ್ರ ಮಾರುತ್ತವೆ, ಕೊಠಡಿಯ ಸಂಖ್ಯೆಯನ್ನು ಅತಿಥಿ ಬರುವ ದಿನದ ಆಸುಪಾಸಿನಲ್ಲಷ್ಟೇ ನಿಗದಿ ಮಾಡುತ್ತವೆ. ಹಿಂದಿನ ಅತಿಥಿ ಒಂದು ದಿನ ಹೆಚ್ಚು ಉಳಿದರೂ ಸಾಕು, ಜೋಡಿ ಒಡೆದುಹೋಗುತ್ತದೆ. ಇದು ಬಗೆಹರಿಯದ ತೊಡಕೇನೂ ಅಲ್ಲ. ಹಿಲ್ಟನ್ ಹೋಟೆಲು ಸಮೂಹ 2021ರಲ್ಲಿ ಒಳಬಾಗಿಲಿನ ಜೋಡಿ ಕೊಠಡಿಗಳನ್ನು ಬುಕಿಂಗ್ ಮಾಡುವ ಕ್ಷಣದಲ್ಲೇ ಖಚಿತಪಡಿಸುವ ವ್ಯವಸ್ಥೆಯನ್ನು ತಂದಿತು. ದೊಡ್ಡ ಕುಟುಂಬಗಳು ಹೆಚ್ಚಾಗಿ ಬರುವ ಥೀಮ್ ಪಾರ್ಕುಗಳ ಹೋಟೆಲುಗಳಲ್ಲಿ ಇದು ಮೊದಲು ಆಗಬೇಕಿತ್ತು ಎಂದರೆ ತಪ್ಪಾಗಲಾರದು.

ವಯಸ್ಸಿನ ಲೆಕ್ಕವೂ ಕುಟುಂಬಗಳನ್ನು ಗೊಂದಲಕ್ಕೆ ದೂಡುತ್ತದೆ. ಡಿಸ್ನಿ ವರ್ಲ್ಡ್‌ನ ಟಿಕೆಟ್ ಕಿಟಕಿಯಲ್ಲಿ ಮೂರು ವರ್ಷದೊಳಗಿನ ಮಗುವಿಗೆ ಟಿಕೆಟ್ಟೇ ಬೇಡ, ಮೂರರಿಂದ ಒಂಬತ್ತರವರೆಗೆ ಮಕ್ಕಳ ಟಿಕೆಟ್, ಹತ್ತು ತುಂಬಿದರೆ ದೊಡ್ಡವರ ಟಿಕೆಟ್. ಅದೇ ಮಗು ಹೋಟೆಲಿನ ಮೇಜಿನ ಮುಂದೆ ಹದಿನೆಂಟು ತುಂಬುವವರೆಗೂ ಮಗುವೇ. ಹದಿನೆಂಟು ತುಂಬಿದವರು ಒಂದು ಕೊಠಡಿಯಲ್ಲಿ ಇಬ್ಬರಿಗಿಂತ ಹೆಚ್ಚಿದ್ದರೆ ಪ್ರತಿ ರಾತ್ರಿಗೆ ಹೆಚ್ಚುವರಿ ಶುಲ್ಕ. ಹಾಗಾಗಿ ಮೂವರು ಮಕ್ಕಳ ಕುಟುಂಬಕ್ಕೂ, ಮೂವರು ದೊಡ್ಡವರು ಮತ್ತು ಇಬ್ಬರು ಮಕ್ಕಳ ಕುಟುಂಬಕ್ಕೂ ತಲೆಗಳ ಸಂಖ್ಯೆ ಒಂದೇ ಆದರೂ ಬಿಲ್ ಒಂದೇ ಆಗುವುದಿಲ್ಲ. ಅಜ್ಜ ಅಜ್ಜಿಯರನ್ನು ಬೇರೆ ಬೇರೆ ಕೊಠಡಿಗೆ ಹಂಚದೆ ಒಂದು ಕೊಠಡಿಯಲ್ಲಿ ಅವರಿಬ್ಬರನ್ನು ಮೊಮ್ಮಕ್ಕಳೊಂದಿಗೂ ಇನ್ನೊಂದರಲ್ಲಿ ತಂದೆ ತಾಯಿಯನ್ನು ಉಳಿದ ಮಗುವಿನೊಂದಿಗೂ ಇರಿಸಿದರೆ ಈ ಶುಲ್ಕ ತಪ್ಪುತ್ತದೆ. ನಾವು ನಾಲ್ವರು ಗಂಡಸರನ್ನು ಒಂದು ಕಡೆ, ಹೆಂಗಸರನ್ನು ಇನ್ನೊಂದು ಕಡೆ ಹಂಚಿದಾಗಲೂ ಅದೃಷ್ಟವಶಾತ್ ಪ್ರತಿ ಕೊಠಡಿಯಲ್ಲಿ ದೊಡ್ಡವರು ಇಬ್ಬರೇ ಇದ್ದರು. ಲೆಕ್ಕ ಹಾಕಿ ಮಾಡಿದ್ದಲ್ಲ. ಟೋಕಿಯೊ ಡಿಸ್ನಿಯ ಹೋಟೆಲುಗಳಲ್ಲಿ ಪ್ರಾಥಮಿಕ ಶಾಲೆಯ ವಯಸ್ಸಿನವರೆಗಿನ ಮಕ್ಕಳು ದೊಡ್ಡವರ ಹಾಸಿಗೆಯಲ್ಲೇ ಮಲಗುವುದಾದರೆ ಅವರನ್ನು ಹಾಸಿಗೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. ತಾಯಿಯ ಪಕ್ಕದಲ್ಲಿ ಮಗು ಮಲಗುವುದು ಲೋಕದಲ್ಲೆಲ್ಲ ಇರುವಾಗ ಈ ನಿಯಮ ಎಲ್ಲ ಕಡೆಯೂ ಏಕೆ ಇರಬಾರದೋ ತಿಳಿಯದು.

ಇಂಥ ನಿಯಮಗಳಿಂದ ಬೇಸತ್ತ ಕೆಲವರು ಐದನೆಯ ಮಗುವಿನ ಹೆಸರನ್ನೇ ಬರೆಯದೆ ಸದ್ದಿಲ್ಲದೆ ಕೊಠಡಿಗೆ ಕರೆದೊಯ್ಯುವುದುಂಟು. 'ಯಾರು ಎಣಿಸುತ್ತಾರೆ' ಎಂದು ನಮಗೂ ಆಪ್ತರೊಬ್ಬರು ಸಲಹೆ ಕೊಟ್ಟಿದ್ದರು. ಬೇಡ. ಕೊಠಡಿಯಲ್ಲಿ ಎಷ್ಟು ಜನ ಇರಬಹುದೆಂಬ ಮಿತಿ ವ್ಯಾಪಾರದ ಲೆಕ್ಕ ಮಾತ್ರವಲ್ಲ, ಬೆಂಕಿ ಬಿದ್ದಾಗ ಜನರನ್ನು ಹೊರತರುವ ಲೆಕ್ಕವೂ ಹೌದು. ಕೊಠಡಿಯಲ್ಲಿ ನಾಲ್ವರು ಎಂದು ದಾಖಲೆಯಲ್ಲಿದ್ದರೆ ರಕ್ಷಣೆಗೆ ಬಂದವರು ನಾಲ್ವರನ್ನೇ ಹುಡುಕುತ್ತಾರೆ. ಇದಲ್ಲದೆ, ಹೆಸರು ದಾಖಲಾಗದ ಮಗುವಿಗೆ ಹೋಟೆಲಿನ ಅತಿಥಿಗಳಿಗೆ ಸಿಗುವ ಪಾರ್ಕಿನ ಸೌಲಭ್ಯಗಳು, ಉದಾಹರಣೆಗೆ ಡಿಸ್ನಿ ವರ್ಲ್ಡ್‌ನ ಅರ್ಧ ಗಂಟೆ ಮುಂಚಿತ ಪ್ರವೇಶ, ಸಿಗುವುದಿಲ್ಲ. ನಾಲ್ವರು ಒಳಗೆ ಹೋಗಿ ಒಬ್ಬಳನ್ನು ಬಾಗಿಲಲ್ಲಿ ನಿಲ್ಲಿಸುವುದು ಹೇಗೆ?

ಹೊರಗಿನ ಮನೆಗಳನ್ನು ಬಾಡಿಗೆಗೆ ಪಡೆಯುವುದು ಇನ್ನೊಂದು ದಾರಿ, ಏಳೆಂಟು ಜನರಿಗೆ ಬಹಳ ಸಲ ಅದೇ ಸರಿಯಾದ ದಾರಿ. ಒರ್ಲಾಂಡೊದ ಪಕ್ಕದ ಕಿಸ್ಸಿಮ್ಮಿಯಲ್ಲಿ ಮೂರು, ನಾಲ್ಕು, ಐದು ಮಲಗುವ ಕೋಣೆಗಳ, ಅಡುಗೆಮನೆಯೂ ಬಟ್ಟೆ ಒಗೆಯುವ ಯಂತ್ರವೂ ಇರುವ ಮನೆಗಳ ಬಡಾವಣೆಗಳೇ ಪ್ರವಾಸಿಗರಿಗಾಗಿ ಎದ್ದಿವೆ. ತಲಾ ಲೆಕ್ಕದಲ್ಲಿ ಇವು ಪಾರ್ಕಿನ ಹೋಟೆಲಿಗಿಂತ ಎಷ್ಟೋ ಅಗ್ಗವಾಗಿ ಕಾಣುತ್ತವೆ. ಆದರೆ ರಾತ್ರಿಯ ಬಾಡಿಗೆಯ ಮೇಲೆ ಶುಚಿಗೊಳಿಸುವ ಶುಲ್ಕ, ಸೇವಾ ಶುಲ್ಕ, ತೆರಿಗೆ ಸೇರುತ್ತವೆ. ಶುಚಿಗೊಳಿಸುವ ಶುಲ್ಕ ಎರಡು ರಾತ್ರಿ ಉಳಿದರೂ ಏಳು ರಾತ್ರಿ ಉಳಿದರೂ ಸಾಮಾನ್ಯವಾಗಿ ಅಷ್ಟೇ ಇರುವುದರಿಂದ ಕಡಿಮೆ ದಿನ ಉಳಿಯುವವರಿಗೆ ಮನೆ ದುಬಾರಿಯಾಗುತ್ತದೆ, ಹೆಚ್ಚು ದಿನ ಉಳಿಯುವವರಿಗೆ ಅಗ್ಗವಾಗುತ್ತದೆ. ಕಾರು ಬೇಕು, ಏಳು ಜನರಿಗೆ ಸಾಮಾನ್ಯ ಕಾರು ಸಾಲದು, ವ್ಯಾನೇ ಬೇಕು, ಪಾರ್ಕಿನಲ್ಲಿ ದಿನದಿನವೂ ವಾಹನ ನಿಲುಗಡೆಗೆ ಹಣ ಕೊಡಬೇಕು. ಡಿಸ್ನಿಯ ಹೋಟೆಲುಗಳಲ್ಲಿ ಉಳಿಯುವವರಿಗೆ 2023ರ ಜನವರಿಯಿಂದ ರಾತ್ರಿಯ ನಿಲುಗಡೆ ಮತ್ತೆ ಉಚಿತವಾಗಿದೆ, ಪಾರ್ಕಿಗೆ ಹೋಗಲು ಬಸ್ಸುಗಳೂ ಇವೆ. ಇವನ್ನೆಲ್ಲ ಒಂದು ಹಾಳೆಯ ಮೇಲೆ ಬರೆದುಕೊಂಡು ಕೂಡಿಸಿದ ಮೇಲಷ್ಟೇ ಯಾವುದು ಅಗ್ಗವೆಂದು ಹೇಳಬಹುದು. ಇನ್ನೊಂದು ಮಾತು: ಮಧ್ಯಾಹ್ನದ ಬಿಸಿಲಿನಲ್ಲಿ ವಯಸ್ಸಾದವರನ್ನೂ ಮಗುವನ್ನೂ ಎರಡು ಗಂಟೆ ಮಲಗಿಸಿ ಸಂಜೆ ಮತ್ತೆ ಪಾರ್ಕಿಗೆ ಕರೆತರುವ ಅನುಕೂಲಕ್ಕೆ ಹಾಳೆಯ ಮೇಲೆ ಬೆಲೆ ಬರೆಯಲಾಗುವುದಿಲ್ಲ. ನಮ್ಮಂಥ ಕುಟುಂಬಕ್ಕೆ ಹತ್ತಿರದ ಹೋಟೆಲಿನ ಬಾಡಿಗೆಯಲ್ಲಿ ಅರ್ಧ ಇದಕ್ಕಾಗಿಯೇ ಹೋಗುತ್ತದೆ.

ಶುಲ್ಕಗಳನ್ನು ಕೊನೆಯ ಪುಟದವರೆಗೆ ಬಚ್ಚಿಡುವ ಅಭ್ಯಾಸಕ್ಕೆ ಗ್ರಾಹಕರ ಹಿತ ಕಾಯುವ ಅಮೆರಿಕದ ಸರಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2025ರ ಮೇ 12ರಿಂದ ಕಡಿವಾಣ ಹಾಕಿದೆ. ಹೋಟೆಲಾಗಲಿ ಅಲ್ಪಾವಧಿಯ ಬಾಡಿಗೆ ಮನೆಯಾಗಲಿ, ಕಡ್ಡಾಯ ಶುಲ್ಕಗಳನ್ನೆಲ್ಲ ಸೇರಿಸಿದ ಬೆಲೆಯನ್ನೇ ಮೊದಲಿನಿಂದ ತೋರಿಸಬೇಕು. ಸರಕಾರದ ತೆರಿಗೆಯನ್ನು ಮಾತ್ರ ಆಮೇಲೆ ಸೇರಿಸಬಹುದು. ಬ್ರಿಟನ್ನಿನಲ್ಲೂ 2025ರ ಏಪ್ರಿಲಿನಿಂದ ಇದೇ ಬಗೆಯ ನಿಯಮ ಜಾರಿಯಲ್ಲಿದೆ. ಒಳ್ಳೆಯದೇ. ಆದರೆ ಬೆಲೆ ಪೂರ್ತಿ ಕಂಡರೂ ಅದು ಎಷ್ಟು ಜನರ ಬೆಲೆ ಎಂಬುದು ಕಾಣದಿದ್ದರೆ ನಮಗೆ ಅರ್ಧ ಉಪಯೋಗವಷ್ಟೇ. ಬುಕಿಂಗ್ ಜಾಲತಾಣಗಳು ತೆರೆದೊಡನೆ ಇಬ್ಬರು ದೊಡ್ಡವರೆಂದೇ ಊಹಿಸಿಕೊಂಡು ಬೆಲೆ ತೋರಿಸುತ್ತವೆ. ಐವರೆಂದು ಬದಲಿಸಿದರೆ ಕೆಲವು 'ಕೊಠಡಿ ಲಭ್ಯವಿಲ್ಲ' ಎನ್ನುತ್ತವೆ, ಕೆಲವು ಕೇಳದೆಯೇ ಎರಡು ಕೊಠಡಿಗಳನ್ನು ಕೂಡಿಸುತ್ತವೆ. ಕೊಠಡಿ ಖಾಲಿಯಿಲ್ಲವೋ, ಅಷ್ಟು ಜನಕ್ಕೆ ಕೊಠಡಿಯೇ ಇಲ್ಲವೋ ಗೊತ್ತಾಗುವುದಿಲ್ಲ. ಹೋಟೆಲಿಗೆ ನೇರವಾಗಿ ಫೋನ್ ಮಾಡಿದಾಗ ಜಾಲತಾಣದಲ್ಲಿ ಕಾಣದ ಐದು ಜನರ ಕೊಠಡಿ ಸಿಕ್ಕಿದ ಅನುಭವ ನಮಗೆ ಎರಡು ಸಲ ಆಗಿದೆ.

ಬೇರೆಡೆಯ ಪಾರ್ಕುಗಳು ತೋರಿಸಿರುವ ದಾರಿಗಳೂ ಇವೆ. ಲೆಗೊಲ್ಯಾಂಡ್ ಹೋಟೆಲುಗಳ ಕೊಠಡಿಗಳಲ್ಲಿ ಮಕ್ಕಳಿಗೆ ಪ್ರತ್ಯೇಕ ಮೂಲೆ, ಅದರಲ್ಲಿ ಒಂದರ ಮೇಲೊಂದಿರುವ ಬಂಕ್ ಹಾಸಿಗೆ, ಅದರ ಕೆಳಗೆ ಎಳೆದು ತೆಗೆಯುವ ಇನ್ನೊಂದು ಹಾಸಿಗೆ. ಹೀಗೆ ಐವರು ಆರಾಮವಾಗಿ ಹಿಡಿಸುತ್ತಾರೆ. ಹಾಸಿಗೆಗಳನ್ನು ಜಾಣ್ಮೆಯಿಂದ ಜೋಡಿಸಿ ಮೂರನೆಯ ಮಗುವಿಗೆ ಜಾಗ ಮಾಡಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಡಿಸ್ನಿಲ್ಯಾಂಡ್ ಪ್ಯಾರಿಸಿನ 'ಡೇವಿ ಕ್ರಾಕೆಟ್ ರಾಂಚ್'ನಲ್ಲಿ ಕಾಡಿನ ನಡುವೆ ಆರು ಜನರ ಮರದ ಮನೆಗಳಿವೆ, ಅಡುಗೆಗೂ ಅವಕಾಶವಿದೆ. ಆದರೆ ಸ್ವಂತ ಕಾರಿಲ್ಲದವರು ಅಲ್ಲಿ ಉಳಿಯುವುದು ಕಷ್ಟ. ಫ್ಲಾರಿಡಾದ ಡಿಸ್ನಿ ವರ್ಲ್ಡ್‌ಗೇ ಸೇರಿದ 'ಫೋರ್ಟ್ ವಿಲ್ಡರ್‌ನೆಸ್'ನಲ್ಲಿ ಡೇರೆ ಹಾಕಲು ಕೊಡುವ ಒಂದು ನಿವೇಶನದಲ್ಲಿ ಹತ್ತು ಜನರವರೆಗೆ ಇರಬಹುದು. ತಲಾ ಲೆಕ್ಕದಲ್ಲಿ ಇದನ್ನು ಮೀರಿಸುವುದು ಇಲ್ಲ, ಆದರೆ ಡೇರೆ ಹೊತ್ತು ವಿಮಾನ ಹತ್ತುವವರು ಎಷ್ಟು ಜನ? ಮಂಡಿನೋವಿನ ನಮ್ಮ ಮಾವನವರ ಮುಂದೆ ನಾನಂತೂ ಈ ವಿಷಯವನ್ನು ಎತ್ತಲಿಲ್ಲ.

ದಿನಾಂಕದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕ್ರಿಸ್‌ಮಸ್ ವಾರಕ್ಕಿಂತ ಆಗಸ್ಟಿನ ಕೊನೆ ಮತ್ತು ಸೆಪ್ಟೆಂಬರಿನಲ್ಲಿ ಅದೇ ಕೊಠಡಿ ಬಹಳ ಅಗ್ಗ ಎಂಬುದು ಎಲ್ಲರಿಗೂ ಗೊತ್ತು. ಶಾಲೆಗೆ ಹೋಗುವ ಮೂವರು ಮಕ್ಕಳ ಮೂರು ಪರೀಕ್ಷಾ ವೇಳಾಪಟ್ಟಿಗಳನ್ನು ಹೊಂದಿಸಬೇಕಾದ ಮನೆಗೆ ಆ ಸಲಹೆ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದೂ ಗೊತ್ತು.

ನಾನು ಕೇಳುವುದು ದಾನವನ್ನಲ್ಲ, ರಿಯಾಯಿತಿಯನ್ನೂ ಅಲ್ಲ. ಥೀಮ್ ಪಾರ್ಕುಗಳನ್ನು ನಡೆಸುವವರು ಪ್ರತಿ ಕೊಠಡಿಯ ಬೆಲೆಯ ಪಕ್ಕದಲ್ಲೇ ಅದರಲ್ಲಿ ಎಷ್ಟು ಜನ ಮಲಗಬಹುದು, ಯಾವ ಹಾಸಿಗೆಯ ಮೇಲೆ, ಎಷ್ಟು ಎತ್ತರದವರು ಎಂಬುದನ್ನು ಬರೆಯಲಿ. ಒಳಬಾಗಿಲಿನ ಜೋಡಿ ಕೊಠಡಿಗಳನ್ನು ಒಂದೇ ವಸ್ತುವಾಗಿ, ಖಾತರಿಯೊಂದಿಗೆ ಮಾರಲಿ; ಅದಕ್ಕಾಗಿ ಅಲ್ಪಸ್ವಲ್ಪ ಹೆಚ್ಚು ಕೇಳಿದರೂ ಕೊಡುವವರಿದ್ದಾರೆ. ಹೊಸ ಹೋಟೆಲು ಕಟ್ಟುವಾಗ ಹತ್ತರಲ್ಲಿ ಎರಡು ಕೊಠಡಿಗಳನ್ನಾದರೂ ಐದು, ಆರು ಜನರಿಗಾಗಿ ಯೋಚಿಸಲಿ. ತಮ್ಮ ಪತ್ರಿಕೆಯ ಪ್ರವಾಸ ಪುಟವನ್ನು ಸಿದ್ಧಪಡಿಸುವವರಲ್ಲೂ ಒಂದು ವಿನಂತಿಯಿದೆ: ಮುಂದಿನ ಸಲ 'ನಾಲ್ವರ ಕುಟುಂಬಕ್ಕೆ' ಎಂಬ ಪಟ್ಟಿಯ ಕೆಳಗೆ ಇನ್ನೊಂದು ಸಾಲನ್ನು ಸೇರಿಸಿ, ಐವರಿಗೆ ಎಷ್ಟು, ಏಳು ಜನರಿಗೆ ಎಷ್ಟು ಎಂದು ಬರೆಯಿರಿ. ಪುಟದಲ್ಲಿ ಅರ್ಧ ಅಂಗುಲ ಜಾಗ ಸಾಕು.

ಇಂತಿ ವಂದನೆಗಳೊಂದಿಗೆ,
ತಮ್ಮ ಪತ್ರಿಕೆಯ ದೀರ್ಘಕಾಲದ ಓದುಗರಲ್ಲಿ ಒಬ್ಬಳು